ಆಫ್ ಮಾಡಿದ್ದೇನೆ ಅಂದುಕೊಂಡಿದ್ದೆ: ನಾಯ್ಸ್ ಸಿಂಥ್ ಕಿಟ್ ಜೊತೆ 14 ತಿಂಗಳು

ಕಳೆದ ವರ್ಷದ ಜುಲೈ. ಕಾರವಾರದ ಕೋಡಿಬಾಗದಲ್ಲಿ ನನ್ನ ಬಾಡಿಗೆ ಮನೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಕಟ್... ಕಟ್... ಕಟ್. ಯಾರೋ ತಗಡಿನ ಡಬ್ಬಿ ಬಡಿಯುತ್ತಿದ್ದ ಹಾಗೆ. ಮೊದಲು ಹಲ್ಲಿ ಅಂದುಕೊಂಡೆ. ಆದರೆ ಹಲ್ಲಿ ಇಷ್ಟು ಹೊತ್ತು ಲೊಚಗುಟ್ಟುವುದಿಲ್ಲ. ಹೊರಗೆ ಮಳೆ ಹೊಡೆಯುತ್ತಲೇ ಇತ್ತು, ಸದ್ದು ನಿಧಾನಕ್ಕೆ ಚುರುಕಾಗುತ್ತಾ ಹೋಯಿತು. ಕಟ್ಕಟ್ಕಟ್, ಆಮೇಲೆ ಗುರ್ರ್ ಅನ್ನುವ ಹಾಗೆ. ಟಾರ್ಚ್ ಹಿಡಿದು ಹುಡುಕಿದರೆ ಮೇಜಿನ ಮೇಲೆ ನಾನೇ ಸೋಲ್ಡರ್ ಮಾಡಿದ ಡಬ್ಬಿ, ಅದೇ ನಾಯ್ಸ್ ಸಿಂಥ್, ಬೇಕಂತಲೇ ಗದ್ದಲ ಮಾಡುವ ಎಲೆಕ್ಟ್ರಾನಿಕ್ ವಾದ್ಯ. ಯಾರೂ ಮುಟ್ಟಿಲ್ಲ. ತನ್ನಷ್ಟಕ್ಕೇ ಮಾತಾಡುತ್ತಿದೆ.

ಈ ವಿಮರ್ಶೆ ಮುಕ್ಕಾಲು ಪಾಲು ಆ ರಾತ್ರಿಯ ಬಗ್ಗೆಯೇ ಇರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಎಷ್ಟು ಆಸಿಲೇಟರ್ (ಸ್ವರ ಹುಟ್ಟಿಸುವ ಸರ್ಕಿಟ್), ಯಾವ ಸ್ಪೀಕರ್ ಅನ್ನುವುದನ್ನೆಲ್ಲ ಕೊಳ್ಳುವ ಮೊದಲು ನೀವೇ ಓದಿರುತ್ತೀರಿ. ಒಂದೇ ಮಾತಲ್ಲಿ ಹೇಳುವುದಾದರೆ, 40106 ಅನ್ನುವ 14 ಕಾಲಿನ ಐಸಿ (ಚಿಪ್) ಒಂದು, ಅದರೊಳಗೆ ಆರು ಗೇಟು, ಅಂದರೆ ತಾವೇ ಆನ್-ಆಫ್ ಆಗುವ ಪುಟ್ಟ ಸ್ವಿಚ್ಚುಗಳು. ಒಂದೊಂದು ಗೇಟಿಗೂ ಕರೆಂಟ್ ತಡೆಯುವ ಒಂದು ರೆಸಿಸ್ಟರ್, ವಿದ್ಯುತ್ ತುಂಬಿಟ್ಟುಕೊಳ್ಳುವ ಒಂದು ಕೆಪಾಸಿಟರ್ ಸೇರಿಸಿದರೆ ಅದು ಕೂಗುತ್ತದೆ. ಕೆಪಾಸಿಟರ್ ತುಂಬುತ್ತದೆ, ಗೇಟು ಮಗುಚುತ್ತದೆ, ಕೆಪಾಸಿಟರ್ ಖಾಲಿಯಾಗುತ್ತದೆ, ಗೇಟು ಮತ್ತೆ ಮಗುಚುತ್ತದೆ. ಇದು ಸೆಕೆಂಡಿಗೆ ನೂರಾರು ಸಲ ನಡೆದರೆ ನಮಗೆ ಸ್ವರ ಕೇಳುತ್ತದೆ. ಅಷ್ಟೇ ವಿದ್ಯೆ.

ಜೋಡಿಸುವುದು ಕಷ್ಟವಲ್ಲ. ಎರಡು ಭಾನುವಾರ ಸಾಕು. 25 ವ್ಯಾಟಿನ ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಇದ್ದರೆ ಆಯಿತು. ನಾನು ಎಡವಿದ್ದು ಒಂದೇ ಕಡೆ. ನೀಲಿ ಮೈಯ ರೆಸಿಸ್ಟರ್‌ಗಳಲ್ಲಿ ಕೆಂಪು ಪಟ್ಟೆಗೂ ಕಿತ್ತಳೆ ಪಟ್ಟೆಗೂ ರಾತ್ರಿ ಬಲ್ಬಿನ ಬೆಳಕಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ. 10 ಕೆ (ಹತ್ತು ಸಾವಿರ ಓಮ್) ಇರಬೇಕಾದಲ್ಲಿ 100 ಕೆ ಕೂತಿತು. ಒಂದು ಆಸಿಲೇಟರ್ ಬೇರೆಯವರ ಜೊತೆ ಸೇರದೆ ಮೂಲೆಯಲ್ಲಿ ಕೂತು ಗೊಣಗುತ್ತಿತ್ತು. ಕೀಳುವ ಹೊತ್ತಿಗೆ ಬೋರ್ಡಿನ ತಾಮ್ರವೂ ಸ್ವಲ್ಪ ಎದ್ದು ಬಂತು. ಹಾಕುವ ಮೊದಲು ಒಂದೊಂದನ್ನೂ ಮೀಟರ್‌ಗೆ ಹಿಡಿಯಿರಿ, ಬಣ್ಣ ನಂಬಬೇಡಿ.

ಕೈಪಿಡಿ ಅಂತ ಕೊಟ್ಟಿದ್ದು ಒಂದು ಹಾಳೆ. ಅದರ ಕೊನೇ ಸಾಲು ನನಗೆ ಬಾಯಿಪಾಠ ಆಗಿದೆ: ಸೋಲ್ಡರ್ ಮುಟ್ಟಿಸಿದ ಮೇಲೆ ವಾರಂಟಿ ಇಲ್ಲ. ಸೋಲ್ಡರ್ ಮಾಡುವ ಕಿಟ್‌ಗೆ!

ಈಗ ಆ ರಾತ್ರಿಗೆ ಬರೋಣ. ಆರರಲ್ಲಿ ಐದು ಆಸಿಲೇಟರ್‌ಗಳಿಗೆ ನಾಬ್ ಇದೆ. ಆರನೆಯದಕ್ಕೆ ನಾಬ್ ಬದಲು ಎರಡು ಬರಿಯ ತಾಮ್ರದ ಬಿಲ್ಲೆಗಳು. ಎರಡರ ಮೇಲೂ ಬೆರಳಿಟ್ಟರೆ ನಮ್ಮ ಚರ್ಮವೇ ರೆಸಿಸ್ಟರ್. ಒತ್ತಿದರೆ ಸ್ವರ ಏರುತ್ತದೆ, ಸಡಿಲ ಬಿಟ್ಟರೆ ಇಳಿಯುತ್ತದೆ. ಬೆರಳು ತೆಗೆದರೆ ಸುಮ್ಮನಾಗುತ್ತದೆ. ನಾಬ್‌ಗಳ ಪಕ್ಕ ಒಂದೊಂದು ಸಣ್ಣ ಸ್ವಿಚ್ ಇದೆ, ಐದನ್ನೂ ಮುಚ್ಚಿ ಇದೊಂದನ್ನೇ ನುಡಿಸುತ್ತಾ ಕೂರಬಹುದು. ಅವತ್ತು ಸಂಜೆ ಹಾಗೇ ಕೂತಿದ್ದೆ. ಬೆರಳು ತೆಗೆದೆ, ಸದ್ದು ನಿಂತಿತು, ಎದ್ದು ಊಟಕ್ಕೆ ಹೋದೆ. ಮೇನ್ ಸ್ವಿಚ್ ಆನ್ ಆಗಿಯೇ ಇತ್ತು.

ಯಾಕೆ ಮರೆತೆ ಅಂದರೆ, ಈ ಡಬ್ಬಿಗೆ ಆನ್ ಇದೆ ಅಂತ ತೋರಿಸುವ ಒಂದು ಎಲ್‌ಇಡಿ ಕೂಡ ಇಲ್ಲ. ಒಂದೆರಡು ರೂಪಾಯಿಯ ಸಾಮಾನು. ಅದನ್ನು ಉಳಿಸಿದ ಪುಣ್ಯಾತ್ಮರಿಂದ ಮೊದಲ ಎರಡು ತಿಂಗಳಲ್ಲಿ ನಾನು ಐದು 9 ವೋಲ್ಟ್ ಬ್ಯಾಟರಿ ತಿಂದೆ. ಪ್ರತಿ ಸಲವೂ ಅಂಗಡಿಯವರು 'ಮತ್ತೆ ಖಾಲಿ ಆಯ್ತಾ?' ಅನ್ನುವ ಹಾಗೆ ನೋಡುತ್ತಿದ್ದರು.

ಅದು ಹೋಗಲಿ, ಬೆರಳೇ ಇಲ್ಲದೆ ಕೂಗಿದ್ದು ಹೇಗೆ? ಮಾರಿದವರಿಗೆ ಬರೆದೆ. 'ನಿಮ್ಮ ಸೋಲ್ಡರಿಂಗ್ ಸರಿ ಇರಲಿಕ್ಕಿಲ್ಲ' ಅಂತ ಒಂದು ಸಾಲಿನ ಉತ್ತರ ಬಂತು. ಸಿಟ್ಟು ಬಂದು ಎಲ್ಲ ಜಾಯಿಂಟ್ ಮತ್ತೆ ಕಾಯಿಸಿದೆ. ಮಳೆ ಬಿಟ್ಟ ದಿನ ಡಬ್ಬಿ ಮೌನ. ಮಳೆ ಹಿಡಿದ ದಿನ ಮತ್ತೆ ಕಟ್ ಕಟ್. ಅಷ್ಟರಲ್ಲಿ ಅನುಮಾನ ಬಂತು. ಬೋರ್ಡ್ ತೆಗೆದು ಬಾಯಿಯ ಹತ್ತಿರ ಹಿಡಿದು, ಕನ್ನಡಕ ಒರೆಸುವಾಗ ಮಾಡುತ್ತೇವಲ್ಲ, ಹಾಗೆ 'ಹಾ' ಅಂತ ಉಸಿರು ಬಿಟ್ಟೆ. ಗುರ್ರ್ ಅಂತ ಕೂಗಿತು! ಎರಡು ಕ್ಷಣ ಬಿಟ್ಟು ಆರಿದ ಹಾಗೆ ಇಳಿದು ನಿಂತಿತು. ಸುಳ್ಳು ಹೇಳುವುದಿಲ್ಲ, ಅರ್ಧ ಗಂಟೆ ಬರೀ ಉಸಿರು ಬಿಡುತ್ತಾ ಕೂತಿದ್ದೆ.

ಕಾರಣ ಫ್ಲಕ್ಸ್. ಸೋಲ್ಡರ್ ತಂತಿಯೊಳಗಿನ ಅಂಟು ಬೋರ್ಡಿನ ಮೇಲೆ ಕಂದು ಕಲೆಯಾಗಿ ಉಳಿದಿತ್ತು. ಒಣ ಹವೆಯಲ್ಲಿ ಅದರಿಂದ ತೊಂದರೆ ಕಾಣುವುದಿಲ್ಲ. ಕಾರವಾರದ ಜುಲೈಯಲ್ಲಿ ತೇವ ಹೀರಿಕೊಂಡು ಅದೇ ಸಣ್ಣದೊಂದು ದಾರಿ ಮಾಡಿಕೊಡುತ್ತದೆ, ಎರಡು ಬಿಲ್ಲೆಗಳ ಮೇಲೆ ಯಾರೋ ಹಗುರಕ್ಕೆ ಬೆರಳಿಟ್ಟ ಹಾಗೆ. ಈ ಜಾತಿಯ ಐಸಿಗೆ ಎಷ್ಟು ಸಣ್ಣ ಕರೆಂಟ್ ಸೋರಿದರೂ ಗೊತ್ತಾಗುತ್ತದೆ. ಮೊಬೈಲ್ ರಿಪೇರಿ ಅಂಗಡಿಗೆ ಹೋಗಿ ಐಸೋಪ್ರೊಪೈಲ್ ಆಲ್ಕೋಹಾಲ್ ಕೇಳಿದೆ. ಅಲ್ಲಿನ ಹುಡುಗ ಬೋರ್ಡ್ ನೋಡಿ ನಕ್ಕ. 'ಸಾರ್, ಸಮುದ್ರದ ಪಕ್ಕ ಇದ್ಕೊಂಡು ತೊಳೀದೆ ಇಟ್ರೆ ಬೋರ್ಡ್ ಉಳಿಯುತ್ತಾ?' ಹಳೇ ಟೂತ್‌ಬ್ರಶ್ಶಲ್ಲಿ ಎರಡು ಸಲ ಉಜ್ಜಿದೆ. ಆಮೇಲೆ ರಾತ್ರಿ ಒಮ್ಮೆಯೂ ಎಬ್ಬಿಸಿಲ್ಲ. 'ಜೋಡಿಸಿದ ಮೇಲೆ ತೊಳೆಯಿರಿ' ಅಂತ ಮೂರು ಪದ ಆ ಹಾಳೆಯಲ್ಲಿ ಇದ್ದಿದ್ದರೆ ಸಾಕಿತ್ತು. ಎಲ್‌ಇಡಿಯನ್ನೂ ನಾನೇ ಹಾಕಿಕೊಂಡೆ. ಜೊತೆಗೆ 10 ಕೆ ರೆಸಿಸ್ಟರ್ ಹಾಕಿ, ಆಗ ಮಿಣುಕು ದೀಪದಷ್ಟೇ ಬೆಳಕು, ಬ್ಯಾಟರಿಗೂ ಭಾರವಿಲ್ಲ.

ಇಷ್ಟು ಹೊತ್ತು ಬೈದೆ. ಆದರೂ ಈ ಡಬ್ಬಿ ನನ್ನ ಮೇಜು ಬಿಟ್ಟು ಅಟ್ಟ ಸೇರಿಲ್ಲ ಅಂದರೆ ಅದಕ್ಕೆ ಕಾರಣ ಸಂಜೆಗಳು.

ಒಂದು ಆಸಿಲೇಟರ್‌ಗೆ ನಾಬ್ ಜೊತೆ ಎಲ್‌ಡಿಆರ್ ಇದೆ, ಬೆಳಕು ಬಿದ್ದರೆ ಸ್ವರ ಏರಿಸುವ ಬಟಾಣಿ ಗಾತ್ರದ ಬಿಲ್ಲೆ. ಆಫೀಸಿನಿಂದ ಬಂದು ಚಹಾ ಮಾಡಿಕೊಂಡು ಪಡುವಣದ ಕಟ್ಟೆ ಮೇಲೆ ಕೂರುತ್ತೇನೆ. ಡಬ್ಬಿಯನ್ನು ಸೂರ್ಯನಿಗೆ ಮುಖ ಮಾಡಿ ಇಡುತ್ತೇನೆ. ವಾಲ್ಯೂಮ್ ಕಡಿಮೆ. ಮೊದಲಿಗೆ ಕೀಚಲು ದನಿ. ಹೊತ್ತು ಇಳಿದ ಹಾಗೆ ಅದೂ ಇಳಿಯುತ್ತದೆ, ಎಷ್ಟು ನಿಧಾನ ಅಂದರೆ ಇಳಿಯುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. ಒಂದು ಗುಟುಕು ಕುಡಿದು ಮತ್ತೆ ಕಿವಿಗೊಟ್ಟರೆ ಎಲ್ಲೋ ಕೆಳಗಿರುತ್ತದೆ. ಮೋಡ ಅಡ್ಡ ಬಂದರೆ ಒಮ್ಮೆ ತಗ್ಗಿ ಮತ್ತೆ ಏಳುತ್ತದೆ. ಕಾಗೆ ಹಾರಿದರೂ ಒಂದು ಸಣ್ಣ ಜಾರು. ಕತ್ತಲಾಗುವ ಹೊತ್ತಿಗೆ ಅದು ಸ್ವರವೇ ಅಲ್ಲ, ಟಿಕ್, ಟಿಕ್. ಆಗ ಎದ್ದು ದೀಪ ಹಾಕುತ್ತೇನೆ. ಕಿರ್ರ್ ಅಂತ ಚೀರುತ್ತದೆ, ಅದಕ್ಕೆ ಬಯ್ಯುತ್ತಾ ಸ್ವಿಚ್ ಒತ್ತುತ್ತೇನೆ. ಇದು ದಿನದ ಕಟ್ಟಳೆ.

ಇನ್ನೊಂದು ಮೋಜು. ಕಟ್ಟೆಯ ಅಗ್ಗದ ಎಲ್‌ಇಡಿ ಬಲ್ಬಿನ ಕೆಳಗೆ ಹಿಡಿದರೆ ಸ್ವರ ಸ್ವಲ್ಪ ಗರಗರ ಅನ್ನುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಇಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದ್ದು ಕಿವಿಗೆ ಕೇಳುತ್ತದೆ. ಕರೆಂಟ್ ಹೋಗಿ ಟಾರ್ಚ್ ಹಿಡಿದರೆ ಅದೇ ಸ್ವರ ನುಣ್ಣಗೆ.

ಇದೂ ಸಂಗೀತವಾ ಅಂತ ಮನೆ ಮಾಲೀಕರು ಕೇಳಿಲ್ಲ. 'ಮಿಕ್ಸಿ ಹಾಳಾಗಿದೆಯಾ?' ಅಂತ ಮಾತ್ರ ಕೇಳಿದರು. ಯಂತ್ರದ ಗದ್ದಲವೂ ಸಂಗೀತವೇ ಅಂತ ಇಟಲಿಯ ಚಿತ್ರಕಾರ ಲುಯಿಜಿ ರುಸ್ಸೊಲೊ 1913ರಲ್ಲೇ ವಾದಿಸಿದ್ದ, ಗದ್ದಲ ಮಾಡುವ ಪೆಟ್ಟಿಗೆಗಳನ್ನೂ ಕಟ್ಟಿದ್ದ. ಅದನ್ನು ಮಾಲೀಕರಿಗೆ ಹೇಳುವ ಧೈರ್ಯ ಬರಲಿಲ್ಲ. 'ಹೌದು, ರಿಪೇರಿ ಮಾಡ್ತಾ ಇದ್ದೇನೆ' ಅಂದೆ.

ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಊರಿಗೆ ಹೋಗುವಾಗ ಡಬ್ಬಿಯನ್ನೂ ಚೀಲದಲ್ಲಿ ಹಾಕಿಕೊಂಡೆ. ದೇವಿಮನೆ ಘಟ್ಟದ ತಿರುವಿನಲ್ಲಿ ಸ್ವಿಚ್ ಎಲ್ಲಿಯೋ ತಾಗಿ ಬಸ್ಸಿನಲ್ಲಿ ಕೂಗಲು ಶುರು ಮಾಡಿತು, ಆ ಕತೆ ಬೇಡ. ಮನೆ ಶಿರಸಿಯ ಹತ್ತಿರ. ಜಗಲಿಯಲ್ಲಿ ತೆಗೆದಿಟ್ಟ ಕೂಡಲೇ ಆಯಿ (ಅಮ್ಮ), 'ಎಂತದಾ ಮಾಣಿ ಇದು, ಕಪ್ಪೆ ಕೂಗ್ದಾಂಗೆ ಕೇಳ್ತು. ಒಳಗೆ ತಗಂಡು ಬರಡ' ಅಂದಳು. ಅಪ್ಪಯ್ಯ ಒಂದು ಕಾಲದಲ್ಲಿ ಯಕ್ಷಗಾನದ ಆಟಕ್ಕೆ ಮದ್ದಳೆ ಬಾರಿಸಿದವನು. ಕಿವಿ ಸೂಕ್ಷ್ಮ. 'ಶ್ರುತಿ ಇಲ್ಲೆ ಇದ್ಕೆ' ಅಂದು ಕವಳ (ಎಲೆಯಡಿಕೆ) ಹಾಕಿಕೊಂಡ.

ಅಣ್ಣನ ಮಗಳಿಗೆ ಆರು ವರ್ಷ. ಅವಳು ತಾಮ್ರದ ಬಿಲ್ಲೆ ಮುಟ್ಟಿದಳು, ಕಿಯ್ಯೋ ಅಂತು, ಕೈಯೆಲ್ಲ ಬೆಲ್ಲದ ಅಂಟು, ಬೆವರು. ಅಪ್ಪಯ್ಯನ ಕೈ ಹಿಡಿದು ಇಡಿಸಿದಳು. ಐವತ್ತು ವರ್ಷ ತೋಟದ ಕೆಲಸ ಮಾಡಿ, ಅಡಿಕೆ ಚೊಗರು ಕೂತ ದಪ್ಪ ಚರ್ಮ. ಗುಡುಗಿನ ಹಾಗೆ ಕೆಳಗಿನ ದನಿ ಬಂತು. ನನ್ನ ಬೆರಳಿನಿಂದ ಆ ದನಿಯನ್ನು ತೆಗೆಯಲು ನನಗೆ ಒಮ್ಮೆಯೂ ಆಗಿರಲಿಲ್ಲ. ಅಪ್ಪಯ್ಯ ಕವಳ ಉಗಿದು ಬಂದು ಸರಿಯಾಗಿ ಕೂತ.

ಆಮೇಲೆ ಗೊತ್ತಾಯಿತು, ಒಬ್ಬರು ಒಂದು ಬಿಲ್ಲೆ, ಇನ್ನೊಬ್ಬರು ಇನ್ನೊಂದು ಬಿಲ್ಲೆ ಮುಟ್ಟಿ ಪರಸ್ಪರ ಕೈ ಹಿಡಿದರೂ ಸಾಕು ಅಂತ. 9 ವೋಲ್ಟು, ಕರೆಂಟೂ ತೀರಾ ಕಡಿಮೆ, ಏನೂ ತಿಳಿಯುವುದಿಲ್ಲ. ಹುಡುಗಿ ಒಂದು ಕೈ ಬಿಲ್ಲೆಯ ಮೇಲಿಟ್ಟು ಇನ್ನೊಂದು ಕೈಯಲ್ಲಿ ಅಜ್ಜನ ಬೋಳು ತಲೆ ತಟ್ಟಿದಳು. ತಟ್ಟಿದಷ್ಟು ಸಲವೂ ಬ್ಲಂ, ಬ್ಲಂ. ಆಯಿ ಒಳಗಿಂದ ಸೌಟು ಹಿಡಿದೇ ಬಂದು ನಗಲು ಶುರು ಮಾಡಿದಳು. ಸ್ವಲ್ಪ ಹೊತ್ತಿಗೆ ಅಣ್ಣ, ಅತ್ತಿಗೆ, ಆಯಿ ಎಲ್ಲ ಸಾಲಾಗಿ ಕೈ ಹಿಡಿದು ಕೂತಿದ್ದರು. ಅಪ್ಪಯ್ಯ ತಾಳ ಹೇಳುತ್ತಿದ್ದ, ಸಾಲಿನ ನಡುವೆ ಕೂತ ನಾನು ಆ ತಾಳಕ್ಕೆ ಕೈ ಹಿಡಿದು ಬಿಡುತ್ತಿದ್ದೆ. ಇಂಥ ಉಪಯೋಗದ ಬಗ್ಗೆ ಆ ಹಾಳೆಯಲ್ಲಿ ಒಂದಕ್ಷರ ಇಲ್ಲ.

ದುಡ್ಡಿನ ಮಾತು. ನಾನು ಕೊಟ್ಟಿದ್ದು 1,900 ರೂಪಾಯಿ, ಕೊರಿಯರ್ ಸೇರಿ. ಒಳಗಿನ ಸಾಮಾನು ಬಿಡಿಯಾಗಿ ತಂದಿದ್ದರೆ 500 ದಾಟುತ್ತಿರಲಿಲ್ಲ ಅಂತ ಈಗ ಗೊತ್ತು. ಸರ್ಕಿಟ್ ಓದಲು ಬರುವವರು ತಾವೇ ಮಾಡಿಕೊಳ್ಳಿ. ನನ್ನ ಹಾಗೆ ಶಾಲೆಯಲ್ಲಿ ಒಮ್ಮೆ ರೇಡಿಯೋ ಕಿಟ್ ಮಾಡಿ ಬಿಟ್ಟವರಿಗೆ ಅಚ್ಚಾದ ಬೋರ್ಡ್ ಬೇಕೇ ಬೇಕು, ಅವರಿಗೆ ಬೆಲೆ ಜಾಸ್ತಿ ಅನ್ನಿಸಿದರೂ ಮೋಸ ಅಲ್ಲ. ನುಡಿಸುವ ವಾದ್ಯ ಬೇಕು ಅನ್ನುವವರು ತೆಗೆದುಕೊಳ್ಳಬೇಡಿ, ಇದರಲ್ಲಿ ಸರಿಗಮ ಸಿಗುವುದಿಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಎಲ್‌ಇಡಿ ಇದ್ದಿದ್ದರೆ ನಾಲ್ಕು.

ಈಗ ಎರಡನೇ ಮಳೆಗಾಲ. ಬಿಲ್ಲೆಗಳು ಮೌನವಾಗಿವೆ, ಆದರೆ ನಾಬ್‌ಗಳು ಕೆಟ್ಟಿವೆ. ಉಪ್ಪು ಗಾಳಿಗೆ ಐದರಲ್ಲಿ ಮೂರು ತಿರುಗಿಸುವಾಗ ಹಪ್ಪಳ ಮುರಿದ ಹಾಗೆ ಚರಪರ ಅನ್ನುತ್ತವೆ. ಬ್ಯಾಟರಿ ಕ್ಲಿಪ್ಪಿಗೂ ಹಸಿರು ಹಿಡಿದಿದೆ, ವಾರಕ್ಕೊಮ್ಮೆ ಉಜ್ಜುತ್ತೇನೆ. ಹೊಸ ನಾಬ್ ತರಿಸಿ ಇಟ್ಟಿದ್ದೇನೆ, ಪ್ಯಾಕೆಟ್ ಒಡೆದಿಲ್ಲ. ನವರಾತ್ರಿ ಹೊತ್ತಿಗೆ ಹವೆ ಸ್ವಲ್ಪ ಒಣಗಿದ ಮೇಲೆ ಹಾಕುತ್ತೇನೆ. ಈ ಸಲ ತೊಳೆದೇ ಮುಚ್ಚುವುದು.