ಹಲವು ಊರುಗಳಿಗೆ ಕುಡಿಯುವ ನೀರು: ನದಿಯಿಂದ ಪೈಪ್ ಎಳೆಯುವ ಒಂದೇ ದೊಡ್ಡ ಯೋಜನೆಯೋ, ಊರಿಗೊಂದು ಬೋರ್‌ವೆಲ್ಲೋ?

ಶುರುವಿನ ಖರ್ಚು ನೋಡಿದರೆ ಬೋರ್‌ವೆಲ್ಲೇ ಅಗ್ಗ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಕರೆಂಟ್ ಬಿಲ್ ಮರೆಯಬೇಡಿ. 1000 ಲೀಟರ್ ನೀರನ್ನು 100 ಮೀಟರ್ ಎತ್ತಲು, ಪಂಪಿನ ನಷ್ಟ ಬಿಟ್ಟರೂ, ಸುಮಾರು 0.27 ಯೂನಿಟ್ ಬೇಕು. ಅಂತರ್ಜಲ ಇಳಿದಷ್ಟೂ ಇದು ಜಾಸ್ತಿ. ನದಿ ಎತ್ತರದಲ್ಲಿದ್ದರೆ ನೀರು ತಾನಾಗಿಯೇ ಇಳಿದು ಬರುತ್ತದೆ, ಅದು ಅದೃಷ್ಟ ಬಿಡಿ.

ಬೋರ್ ನೀರಿನಲ್ಲಿ ಫ್ಲೋರೈಡ್ (ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಲೀಟರಿಗೆ 1.5 ಮಿಲಿಗ್ರಾಂ ದಾಟಿದೆಯಾ? ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಅದು. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಅಲ್ಲಿ ನದಿ ನೀರಿನ ಯೋಜನೆಯೇ ಸರಿ. ಸೋಸಿ ಕ್ಲೋರಿನ್ ಹಾಕಬೇಕು ನಿಜ, ಆದರೆ ಹೆಚ್ಚಿನ ಕೆಲಸ ಒಂದೇ ಕಡೆ ಮುಗಿಯುತ್ತದೆ.

ಆದರೆ ಯೋಜನೆಯ ಮುಖ್ಯ ಪೈಪ್ ಒಡೆದರೆ ಎಲ್ಲ ಊರಿನ ನಲ್ಲಿಯೂ ಬಂದ್. ಊರುಗಳು ದೂರದೂರ ಇದ್ದು, ಬೋರ್ ನೀರು ಚೆನ್ನಾಗಿದ್ದರೆ ಸುಮ್ನೆ ಪೈಪ್ ಹೂಳಬೇಡಿ. ಯೋಜನೆ ಬಂದರೂ ಹಳೆ ಬೋರ್ ಮುಚ್ಚಬೇಡಿ.