‘ಟಕ್’ ಸದ್ದು ನಂಬಿ ಗ್ರಿಪ್ ಪ್ಲೈಯರ್ ಕೊಳ್ಳಬೇಡಿ

ತುಕ್ಕು ಹಿಡಿದ ಬೋಲ್ಟ್. ತಲೆಯ ಆರು ಮೂಲೆಗಳಲ್ಲಿ ಎರಡು ಆಗಲೇ ಸವೆದು ಸ್ಪ್ಯಾನರ್ ಜಾರುತ್ತಿತ್ತು. ಹೊಸ ಗ್ರಿಪ್ ಪ್ಲೈಯರ್, ಅಂದರೆ ಕೈ ಬಿಟ್ಟರೂ ಕಚ್ಚಿ ಹಿಡಿದೇ ಇರುವ ಲಾಕಿಂಗ್ ಪ್ಲೈಯರ್, ಹಾಕಿ ಅದುಮಿದರೆ ‘ಟಕ್’ ಎಂದು ಲಾಕ್ ಆಯಿತು. ತಿರುಗಿಸಿದಾಗ ಬೋಲ್ಟ್ ಅಲುಗಲಿಲ್ಲ, ಪ್ಲೈಯರ್ ಮಾತ್ರ ಗರಗರ ಸುತ್ತಿತು. ಬಿಡಿಸಿ ನೋಡಿದರೆ ಉಳಿದ ನಾಲ್ಕು ಮೂಲೆಯೂ ಹೋಗಿವೆ, ದವಡೆಯ ಹಲ್ಲುಗಳೂ ಚಪ್ಪಟೆ. ಇನ್ನು ತಲೆಯ ಮೇಲೆ ನಟ್ ವೆಲ್ಡ್ ಮಾಡಬೇಕು, ಇಲ್ಲವೇ ಡ್ರಿಲ್ ಇಡಬೇಕು.

ಮೋಸ ಮಾಡಿದ್ದು ಆ ‘ಟಕ್’. ಹಿಡಿ ಅದುಮಿದಾಗ ಒಳಗಿನ ಕೊಂಡಿಯ ಕೀಲುಗಳು ಒಂದೇ ಗೆರೆಗೆ ಬಂದು, ಗೆರೆಯನ್ನು ಕೂದಲೆಳೆಯಷ್ಟು ದಾಟಿ ನಿಲ್ಲುತ್ತವೆ. ಸದ್ದು ಹೇಳುವುದು ಅಷ್ಟನ್ನೇ. ಹಿಡಿಯ ತಗಡು ತೆಳುವಾಗಿದ್ದರೆ ಅದೇ ಬಾಗಿ ಜಾಗ ಬಿಟ್ಟುಕೊಡುತ್ತದೆ. ಲಾಕ್ ಸಲೀಸಾಗಿ ಬೀಳುತ್ತದೆ, ದವಡೆಗೆ ಮಾತ್ರ ಬಲ ತಲುಪುವುದಿಲ್ಲ.

ತಯಾರಿಕೆಯ ಖರ್ಚು ಉಳಿಸುವುದು ಕಣ್ಣಿಗೆ ಕಾಣದ ಕಡೆಯಲ್ಲೇ. ಒಳ್ಳೆಯ ದವಡೆಯನ್ನು ಮಿಶ್ರಲೋಹದ ಉಕ್ಕು ಕಾಯಿಸಿ, ಬಡಿದು ರೂಪಿಸಿ, ಆಮೇಲೆ ಮತ್ತೆ ಕಾಯಿಸಿ ತಣಿಸಿ ಗಡಸಿನ ಹದ ಹಾಕಿರುತ್ತಾರೆ. ಹದ ಕಮ್ಮಿಯಾದರೆ ಹಲ್ಲು ಮಡಚುತ್ತದೆ, ಗಡಸುಗೊಳಿಸಿ ಟೆಂಪರ್ ಮಾಡದೆ (ಮತ್ತೆ ಹಿತವಾಗಿ ಕಾಯಿಸಿ ಬಿರುಸು ತಗ್ಗಿಸದೆ) ಬಿಟ್ಟರೆ ಚಕ್ಕೆ ಏಳುತ್ತದೆ. ರಿವೆಟ್ ತೂತುಗಳು ಸಡಿಲವಿದ್ದರೆ ಪ್ರತಿ ಕೀಲಿನ ಚೂರು ಚೂರು ಆಟ ಕೂಡಿ ದವಡೆಯ ತುದಿಯಲ್ಲಿ ದೊಡ್ಡದಾಗುತ್ತದೆ. ದಪ್ಪ ಕ್ರೋಮ್ ಲೇಪ ಹಲ್ಲಿನ ಚೂಪನ್ನೇ ನುಂಗಿಬಿಡುತ್ತದೆ. ಫಳಫಳ ಹೊಳೆಯುವ ಹಲ್ಲು ಕಂಡರೆ ನನಗಂತೂ ಅನುಮಾನ. ಹಿಡಿಯ ಮೇಲೆ ‘ಕ್ರೋಮ್ ವೆನೇಡಿಯಂ’ ಎಂದು ಒತ್ತಿದ್ದರೂ ಅದು ದವಡೆಯ ಹದಕ್ಕೆ ಸಾಕ್ಷಿಯಲ್ಲ.

ಹೆಸರೂ ಸಾಕ್ಷಿಯಲ್ಲ. ಅಮೆರಿಕದ ನೆಬ್ರಾಸ್ಕಾದ ಡಿವಿಟ್ ಎಂಬ ಪುಟ್ಟ ಊರಿನ ಕಮ್ಮಾರ ವಿಲಿಯಂ ಪೀಟರ್ಸನ್ ಲಾಕ್ ಆಗುವ ಹಿಡಿಗೆ 1924ರಲ್ಲಿ ಪೇಟೆಂಟ್ ಪಡೆದ ‘ವೈಸ್-ಗ್ರಿಪ್’ ಈ ಪ್ಲೈಯರ್‌ನ ಮೂಲ. ಆ ಊರಿನ ಕಾರ್ಖಾನೆ 2008ರಲ್ಲಿ ಮುಚ್ಚಿ, ತಯಾರಿಕೆ ಚೀನಾಕ್ಕೆ ಹೋಯಿತು. ಚೀನಾದಲ್ಲಿ ಒಳ್ಳೆಯದೂ ತಯಾರಾಗುತ್ತದೆ, ಕಳಪೆಯೂ ತಯಾರಾಗುತ್ತದೆ. ಹಳೆಯ ಹೆಸರು ನೋಡಿ ಹಳೆಯ ಉಕ್ಕು ಅಂದುಕೊಳ್ಳುವುದು ಬೇಡ.

ಕೊಳ್ಳುವಾಗ ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ: ಎರಡು ಸಾಲು ಹಲ್ಲು ನೇರ ಎದುರುಬದುರು ಕೂರಬೇಕು, ಓರೆ ಇರಬಾರದು. ಕೆಳದವಡೆಯನ್ನು ಅಡ್ಡಡ್ಡ ಅಲುಗಾಡಿಸಿ ನೋಡಿ, ಲೊಡಲೊಡ ಅಂದರೆ ಅಲ್ಲೇ ಬಿಡಿ. ದವಡೆಯ ಅಗಲ ಹೊಂದಿಸುವ, ಹಿಡಿಯ ಹಿಂತುದಿಯ ಸ್ಕ್ರೂ ಕೊನೆತನಕ ಒಂದೇ ಬಿಗಿಯಲ್ಲಿ ತಿರುಗಬೇಕು. ತಂದ ಮೇಲೆ, ಹಿಂತಿರುಗಿಸುವ ಅವಕಾಶ ಇರುವಾಗಲೇ, ತಲೆಯ ಮೇಲೆ 8.8 ಎಂದು ಒತ್ತಿರುವ ಗಟ್ಟಿ ದರ್ಜೆಯ ಬೋಲ್ಟ್ ಕಚ್ಚಿಸಿ ಬಲವಾಗಿ ತಿರುಗಿಸಿ. ಕಚ್ಚಿದ ಗುರುತು ಬೋಲ್ಟಿನ ಮೇಲೆ ಬೀಳಬೇಕು, ಹಲ್ಲಿನ ಮೇಲಲ್ಲ. ಇಟ್ಟುಕೊಳ್ಳುವುದು ಖಚಿತವಾದರೆ ಕೊನೆಯ ಹಲ್ಲಿಗೆ ಅರ ಆಡಿಸಿ: ಹದವಿದ್ದರೆ ಅರ ಜಾರುತ್ತದೆ, ಇಲ್ಲದಿದ್ದರೆ ಕಚ್ಚಿ ಪುಡಿ ಉದುರಿಸುತ್ತದೆ.

ಒಳ್ಳೆಯದನ್ನೂ ಸರಿಯಾಗಿ ಹೂಡದಿದ್ದರೆ ಜಾರುತ್ತದೆ. ಹಿಡಿ ಮುಚ್ಚಿಟ್ಟು, ದವಡೆ ಬೋಲ್ಟಿಗೆ ತಾಕುವವರೆಗೆ ಸ್ಕ್ರೂ ತಿರುಗಿಸಿ. ಹಿಡಿ ತೆರೆದು ಇನ್ನರ್ಧ ಸುತ್ತು ಬಿಗಿ ಮಾಡಿ ಲಾಕ್ ಮಾಡಿ. ಹಿಡಿಗೆ ಪೈಪ್ ತೂರಿಸಿ ಎಳೆದರೆ ಮೊದಲು ಸೋಲುವುದು ರಿವೆಟ್.

ಚಪ್ಪಟೆಯಾದ ಹಲ್ಲನ್ನು ಮುಕ್ಕೋನ ಅರದಿಂದ ಮತ್ತೆ ಕೊರೆಯುವವರಿದ್ದಾರೆ. ಉಕ್ಕೇ ಮೆತ್ತಗಿದ್ದರೆ ಮುಂದಿನ ಬೋಲ್ಟಿಗೆ ಅದೇ ಕತೆ. ಅಂಥದ್ದನ್ನು ಅಂಟು ಒಣಗುವತನಕ ಎರಡು ಹಲಗೆ ಒತ್ತಿ ಹಿಡಿಯಲು ಇಟ್ಟುಕೊಳ್ಳಿ.