ಮ್ಯಾನ್‌ಹಟನ್‌ನಲ್ಲಿ ಕೆಲಸ: ಮನೆ ಕ್ವೀನ್ಸ್‌ನಲ್ಲೋ, ಎಡಿಸನ್‌ನಲ್ಲೋ?

"ನ್ಯೂಜೆರ್ಸಿಗೆ ಹೋಗಿಬಿಡು, ನ್ಯೂಯಾರ್ಕ್ ತೆರಿಗೆ ತಪ್ಪುತ್ತೆ" ಎನ್ನುವವರ ಮಾತನ್ನು ಅರ್ಧ ಮಾತ್ರ ನಂಬಿ. ತಪ್ಪುವುದು ನಗರದ ತೆರಿಗೆ, ರಾಜ್ಯದ್ದಲ್ಲ.

ನ್ಯೂಯಾರ್ಕ್ ನಗರದೊಳಗಿನ ಕ್ವೀನ್ಸ್‌ನಲ್ಲಿದ್ದರೆ ರಾಜ್ಯ ತೆರಿಗೆಯ ಜೊತೆಗೆ ನ್ಯೂಯಾರ್ಕ್ ನಗರಕ್ಕೂ ಆದಾಯ ನೋಡಿಕೊಂಡು ಶೇ. 3.078ರಿಂದ 3.876ರವರೆಗೆ ಕಟ್ಟಬೇಕು. ನ್ಯೂಜೆರ್ಸಿಯ ಎಡಿಸನ್‌ನವರಿಗೆ ಇದಿಲ್ಲ. ಹೊರಗಿನಿಂದ ಬಂದು ದುಡಿಯುವವರ ಮೇಲಿದ್ದ ನಗರ ತೆರಿಗೆ 1999ರಲ್ಲೇ ರದ್ದಾಯಿತು.

ಆದರೆ ಎಡಿಸನ್‌ನವರ ಸಂಬಳಕ್ಕೆ ಮೊದಲು ಕೈ ಹಾಕುವುದು ನ್ಯೂಯಾರ್ಕ್ ರಾಜ್ಯವೇ. ಅಲ್ಲಿಗೆ ಐಟಿ-203 (ಹೊರರಾಜ್ಯದಲ್ಲಿ ವಾಸಿಸುವವರ ತೆರಿಗೆ ರಿಟರ್ನ್) ಸಲ್ಲಿಸಿ, ಆಮೇಲೆ ನ್ಯೂಜೆರ್ಸಿಯ ರಿಟರ್ನ್‌ನಲ್ಲಿ ಆ ತೆರಿಗೆಗೆ ಕ್ರೆಡಿಟ್, ಅಂದರೆ ನ್ಯೂಜೆರ್ಸಿ ತೆರಿಗೆಯಲ್ಲಿ ಕಡಿತ, ಕೇಳಬೇಕು. ಕ್ರೆಡಿಟ್‌ಗೆ ಮಿತಿಯುಂಟು: ಅದೇ ಸಂಬಳಕ್ಕೆ ನ್ಯೂಜೆರ್ಸಿ ಹಾಕುತ್ತಿದ್ದಷ್ಟು ಮಾತ್ರ. ನ್ಯೂಯಾರ್ಕ್‌ನ ತೆರಿಗೆ ಅದಕ್ಕಿಂತ ಹೆಚ್ಚಿದ್ದರೆ ಆ ಹೆಚ್ಚುವರಿ ವಾಪಸ್ ಬರದು. ಊರಿನ ಎಫ್‌ಡಿ ಬಡ್ಡಿಗೆ ಈ ಕ್ರೆಡಿಟ್ ತಾಗುವುದಿಲ್ಲ, ಅದು ನ್ಯೂಜೆರ್ಸಿಯ ಲೆಕ್ಕಕ್ಕೆ.

ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಅಂತ ಖುಷಿಪಡಬೇಡಿ. ಕಂಪನಿಯ ಅಗತ್ಯಕ್ಕಲ್ಲದೆ ನಿಮ್ಮ ಅನುಕೂಲಕ್ಕೆ ಮನೆಯಲ್ಲಿ ಕೂತರೆ, ನ್ಯೂಯಾರ್ಕ್ ಆ ದಿನಗಳನ್ನೂ ತನ್ನವೇ ಎಂದು ಎಣಿಸುತ್ತದೆ.

(ಕೆಲಸ ನ್ಯೂಜೆರ್ಸಿಯಲ್ಲಿ, ಮನೆ ಪೆನ್ಸಿಲ್ವೇನಿಯಾದಲ್ಲಿದ್ದರೆ ಈ ರಗಳೆಯೇ ಇಲ್ಲ. ಎರಡು ರಾಜ್ಯಗಳ ಒಪ್ಪಂದದಂತೆ ಸಂಬಳಕ್ಕೆ ಪೆನ್ಸಿಲ್ವೇನಿಯಾದ ಶೇ. 3.07 ಮಾತ್ರ ರಾಜ್ಯ ತೆರಿಗೆ.)

ಬಾಡಿಗೆಗಿರುವವರಾದರೆ ನಾನು ಎಡಿಸನ್ ಎನ್ನುತ್ತೇನೆ. ಮನೆ ಕೊಳ್ಳುವವರು ಮಾತ್ರ ನ್ಯೂಜೆರ್ಸಿಯ ಆಸ್ತಿ ತೆರಿಗೆಯ ಬಿಲ್ ನೋಡಿಯೇ ಮುಂಗಡ ಕೊಡಲಿ. ಇಡೀ ದೇಶದಲ್ಲೇ ದುಬಾರಿಯವುಗಳಲ್ಲಿ ಅದೂ ಒಂದು.